ತಲೆ ಎತ್ತುವ ದಾರಿ, ತಲೆ ತಗ್ಗಿಸುವ ದಾರಿ

"ಇವತ್ತು ಮೂರ್ ಮೇಲೆ ಓಡಿದೆ" ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಮೂರು ಏನೋ? ಮೂರು ಮೈಲಿನಾ?" ಅಂದಳು. ಮೂರ್ ಅಂದರೆ ಏನು ಅಂತ ಬಿಡಿಸಿ ಹೇಳೋದು ನಿಜಕ್ಕೂ ಕಷ್ಟ. ಕೊನೆಗೆ ಹೀಗೆ ಹೇಳಿದೆ: "ನಮ್ಮೂರ ಬ್ಯಾಣ ಇದೆಯಲ್ಲ, ಅದನ್ನ ಗುಡ್ಡದ ನೆತ್ತಿಗೆ ಹಾಸಿ, ವರ್ಷವಿಡೀ ನೀರು ಕುಡಿಸಿ, ಒಂದು ಮರವನ್ನೂ ಉಳಿಸದೆ ಗಾಳಿಗೆ ಬಿಟ್ಟರೆ ಹೇಗಿರುತ್ತೆ? ಹಾಗೆ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅಲ್ಲಿ ಯಾಕೋ ಓಡ್ತೀಯಾ?" ಅಂದಳು.

ನಾನು ಸಾಗರದ ಕಡೆಯವನು. ಈಗಿರುವುದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಹೆಸರಿಗೆ ಉಕ್ಕಿನ ಊರು. ಆದರೆ ಊರಿನ ಎಲ್ಲೆಯೊಳಗಿನ ಮೂರನೇ ಒಂದು ಭಾಗದಷ್ಟು ಜಾಗ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. 1951ರಲ್ಲಿ ಆದ ಇದು ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಮನೆಯಿಂದ ಓಡುತ್ತಾ ಹೊರಟರೆ ಒಂದು ಗಂಟೆಯೊಳಗೆ ಮೂರ್ ಮುಟ್ಟಬಹುದು. ಇಂಥ ಅನುಕೂಲ ಇಟ್ಟುಕೊಂಡೂ ಮೊದಲ ವರ್ಷವಿಡೀ ನಾನು ಓಡಿದ್ದು ದಡ್ಡನ ಹಾಗೆ.

ಆಗ ಫೋನಿನಲ್ಲಿ 'ಅತಿ ಸುಂದರ ದಾರಿ' ಅಂತ ಏನು ಬರುತ್ತಿತ್ತೋ ಅದನ್ನೇ ಓಡುತ್ತಿದ್ದೆ. ಸ್ಟ್ಯಾನೇಜ್ ಅಂಚಿಗೆ ಹೋದೆ. ಸುಮಾರು ಆರು ಕಿಲೋಮೀಟರ್ ಉದ್ದದ ಬಂಡೆಗೋಡೆ ಅದು. ಅಂಚಿನ ಮೇಲೇ ದಾರಿ, ಒಂದು ಕಡೆ ಇಡೀ ಕಣಿವೆ. ಮನೆಗೆ ಬಂದಾಗ ಹೆಂಡತಿ, "ಹೇಗಿತ್ತು?" ಅಂದಳು. ಯೋಚಿಸಿದರೆ ನೆನಪಿಗೆ ಬಂದದ್ದು ನನ್ನ ಶೂ ತುದಿ ಮಾತ್ರ! ಕಲ್ಲು, ಸಂದು, ಕಲ್ಲು, ಕೆಸರು. ಕಣ್ಣು ಎತ್ತಿದ್ದರೆ ಮೂತಿ ಒಡೆದುಕೊಳ್ಳುತ್ತಿದ್ದೆ.

ಅವತ್ತಿನಿಂದ ನಕ್ಷೆ ನೋಡುವ ರೀತಿ ಬದಲಾಯಿತು. ಎಲ್ಲಿ ನೋಟ ಚೆನ್ನಾಗಿದೆ ಅಂತ ನೋಡೋದು ಬಿಟ್ಟೆ. ಎಲ್ಲಿ ತಲೆ ಎತ್ತಿ ಓಡಬಹುದು, ಎಲ್ಲಿ ತಗ್ಗಿಸಲೇಬೇಕು ಅಂತ ನೋಡತೊಡಗಿದೆ. ಎರಡೂ ಒಂದಾದ ಮೇಲೊಂದು ಬರುವಂತೆ ದಾರಿ ಹೆಣೆದರೆ ಓಟವೂ ಆಗುತ್ತೆ, ನೋಟವೂ ಸಿಗುತ್ತೆ. ಈ ಲೆಕ್ಕದಲ್ಲಿ ನಾನು ಮಾಡಿಕೊಂಡ ದಾರಿಯೊಂದಿದೆ. ಹೋಗೋದಷ್ಟೇ ಓಟ, ಬರೋದು ರೈಲಿನಲ್ಲಿ.

ಹೊರಡುವುದು ಎಂಡ್‌ಕ್ಲಿಫ್ ಪಾರ್ಕಿನಿಂದ. ಪೋರ್ಟರ್ ಅನ್ನೋ ಸಣ್ಣ ಹೊಳೆ. ಹೊಳೆ ಅನ್ನೋದೂ ಜಾಸ್ತಿಯೇ, ನಮ್ಮ ಕಡೆಯವರು ಹಳ್ಳ ಅಂತಾರೆ. ಅದರ ದಡದಲ್ಲೇ ಮರಗಳ ನಡುವೆ ದಾರಿ ನಿಧಾನಕ್ಕೆ ಏರುತ್ತೆ. ಹಿಂದೆ ಈ ಹಳ್ಳದ ನೀರಿಗೆ ಕಟ್ಟೆ ಕಟ್ಟಿ, ಚಕ್ರ ತಿರುಗಿಸಿ ಚಾಕು ಸಾಣೆ ಹಿಡಿಯುತ್ತಿದ್ದರು. ಶೆಪರ್ಡ್ ವೀಲ್ ಅನ್ನೋ ಅಂಥ ಒಂದು ಸಾಣೆಮನೆ ಇನ್ನೂ ಉಳಿದಿದೆ. ಫೋರ್ಜ್ ಡ್ಯಾಮಿನವರೆಗೆ ಮೂರು ಕಿಲೋಮೀಟರ್. ಮಕ್ಕಳು, ನಾಯಿ, ತಳ್ಳುಗಾಡಿ, ಬಾತುಕೋಳಿ ಎಲ್ಲ ಇರುತ್ತವೆ. ಇಲ್ಲಿ ಜೋರು ಓಡುವವರನ್ನು ಕಂಡರೆ ನನಗೆ ನಗು. ಮುಂದಿನದು ಗೊತ್ತಿಲ್ಲದವರು ಅಂತಲೇ ಅರ್ಥ.

ಯಾಕೆಂದರೆ ಡ್ಯಾಮ್ ದಾಟಿದ ಮೇಲೆ ರಿಂಗಿಂಗ್ಲೋ ಹಳ್ಳಿಯವರೆಗೆ ಬರೀ ಏರು. ಬೇರು, ಜಾರು ಮಣ್ಣು, ಕಲ್ಲುಗೋಡೆಗಳ ನಡುವೆ ತಡಮೆಗಳು. ಹೌದು, ಇಲ್ಲೂ ತಡಮೆ ಇದೆ. ಇವರು ಸ್ಟೈಲ್ ಅಂತಾರೆ, ದನ-ಕುರಿ ದಾಟಬಾರದು, ಮನುಷ್ಯ ದಾಟಬೇಕು ಅನ್ನೋ ನಮ್ಮದೇ ಉಪಾಯ. ಏರಿನಲ್ಲಿ ನಾನು ನಡೆಯುತ್ತೇನೆ. ನಮ್ಮ ಓಟದ ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬರಿದ್ದಾರೆ. ಈ ಗುಡ್ಡಗಳಲ್ಲೇ ಓಡಿ ಕೂದಲು ಬೆಳ್ಳಗಾದವರು. ಅವರೂ ಮೊಣಕಾಲ ಮೇಲೆ ಕೈ ಊರಿ ನಡೆಯುತ್ತಾರೆ, ಓಡುವ ನನಗಿಂತ ಮುಂಚೆ ಮೇಲೆ ಇರುತ್ತಾರೆ. ಅಲ್ಲಿಗೆ ನನ್ನ ಸ್ವಾಭಿಮಾನ ಮುಗಿಯಿತು.

ರಿಂಗಿಂಗ್ಲೋ ದಾಟಿದರೆ ಹೌಂಡ್‌ಕರ್ಕ್ ರಸ್ತೆ. ಹದಿನೆಂಟನೇ ಶತಮಾನದ ಸುಂಕದ ರಸ್ತೆ ಇದು, ಆಗ ಕುದುರೆಗಾಡಿ ಓಡುತ್ತಿತ್ತು. ಈಗ ಟಾರಿಲ್ಲ, ಕಲ್ಲು-ಮರಳಿನ ಅಗಲ ದಾರಿ. ಮೂರ್‌ನ ನಡುವೆ ನಾಲ್ಕೈದು ಕಿಲೋಮೀಟರ್ ಸಾಗುತ್ತೆ. ನನ್ನ ಪ್ರಕಾರ ಇಡೀ ಓಟದಲ್ಲಿ ತಲೆ ಎತ್ತಿ ಓಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡೂ ಕಡೆ ಹೀದರ್ ಗಿಡ. ಆಗಸ್ಟಿನಲ್ಲಿ ಅದು ಹೂ ಬಿಟ್ಟರೆ ಗುಡ್ಡವೆಲ್ಲ ನೇರಳೆ. ಉಳಿದ ತಿಂಗಳುಗಳಲ್ಲಿ ಕಂದು. ನಿಜ ಹೇಳಬೇಕೆಂದರೆ ನನಗೆ ಕಂದೇ ಇಷ್ಟ. ಆಗಸ್ಟಿನಲ್ಲಿ ಫೋಟೋದವರ ಕಾಟ.

ಗಿಡದೊಳಗಿನಿಂದ ಗ್ರೌಸ್ ಹಕ್ಕಿ ಫಡಫಡ ಎದ್ದು ಕೂಗುತ್ತೆ. ಅದರ ಕೂಗು "ಗೋ ಬ್ಯಾಕ್, ಗೋ ಬ್ಯಾಕ್" ಅಂದ ಹಾಗಿರುತ್ತೆ ಅಂತ ಇಲ್ಲಿಯವರೇ ಹೇಳುತ್ತಾರೆ. ವೀಸಾ ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ತಿಂಗಳಲ್ಲಿ ಮೊದಲ ಸಲ ಕೇಳಿದ್ದೆ. ಹಕ್ಕಿಗೂ ಗೊತ್ತಾಯಿತಾ ಅನ್ನಿಸಿತ್ತು.

ಇದೇ ರಸ್ತೆಯಲ್ಲಿ ನನಗೆ ಪಾಠವೂ ಆಯಿತು. ಎರಡನೇ ವರ್ಷದ ನವೆಂಬರ್. ರಸ್ತೆಯ ಪಶ್ಚಿಮಕ್ಕೆ ಬರ್ಬೇಜ್ ಬಂಡೆ ಸಾಲಿದೆ. ನಕ್ಷೆಯಲ್ಲಿ ನೋಡಿದರೆ ಒಂದು ಗೇಣೂ ಇಲ್ಲ, ಅಡ್ಡ ಹಾಯ್ದರೆ ಮುಗೀತು ಅಂದುಕೊಂಡೆ. ರಸ್ತೆ ಬಿಟ್ಟು ಇಳಿದೆ. ಹತ್ತು ನಿಮಿಷಕ್ಕೆ ಮಂಜು ಕವಿಯಿತು. ಹಸಿರಾಗಿ ಮೆತ್ತಗೆ ಕಂಡ ಕಡೆ ಕಾಲಿಟ್ಟೆ, ಮೊಣಕಾಲವರೆಗೆ ಹುಗಿಯಿತು. ಕಾಲು ಬಂತು, ಶೂ ಬರಲಿಲ್ಲ. ಕೈ ಹಾಕಿ ತೆಗೆದೆ, ತೋಳೆಲ್ಲ ಕಪ್ಪು ಗೊಜ್ಜು. ಫೋನು ಚಳಿಗೆ ಸತ್ತಿತು. ಮುಂದೆ ಎಲ್ಲೋ ಬಂಡೆಯಂಚು ಇದೆ, ಎಲ್ಲಿ ಅಂತ ಕಾಣುತ್ತಿಲ್ಲ.

ಅಲ್ಲೇ ನಿಂತೆ. ನಿಂತದ್ದೇ ಒಳ್ಳೆಯದಾಯಿತು. ಬರುವಾಗ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು ಅಂತ ನೆನಪಾಯಿತು. ಹಾಗಾದರೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನಡೆದರೆ ಬಂದ ಕಡೆಗೇ ಹೋಗಬೇಕು. ರಸ್ತೆ ಅಷ್ಟುದ್ದ ಅಡ್ಡ ಮಲಗಿದೆ, ಎಲ್ಲಾದರೂ ಅದನ್ನು ತುಳಿಯಲೇಬೇಕು. ಇಪ್ಪತ್ತು ನಿಮಿಷ ನಡೆದ ಮೇಲೆ ಕಾಲಿಗೆ ಗಟ್ಟಿ ಕಲ್ಲು ಸಿಕ್ಕಿತು. ಆ ರಸ್ತೆಯನ್ನು ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು.

ಅವತ್ತಿನಿಂದ ಸೊಂಟದ ಚೀಲದಲ್ಲಿ ದಿಕ್ಸೂಚಿ, ಸೀಟಿ, 1:25,000 ಅಳತೆಯ ಕಾಗದದ ನಕ್ಷೆ, ಹೊಲಿಗೆಗೂ ಅಂಟುಪಟ್ಟಿ ಹಾಕಿದ ಮಳೆಯಂಗಿ ಇದ್ದೇ ಇರುತ್ತವೆ, ಬಿಸಿಲಿದ್ದರೂ ಸರಿ. ಗಿಡ ನೋಡಿ ನೆಲ ಓದುವುದನ್ನೂ ಕಲಿತೆ. ಹೀದರ್ ಇದ್ದರೆ ನೆಲ ಬಹುಮಟ್ಟಿಗೆ ಗಟ್ಟಿ, ಆದರೆ ಅದರ ಕಡ್ಡಿ ಕಾಲಿಗೆ ತೊಡರುತ್ತೆ. ಬಿಳಿ ಹತ್ತಿಯುಂಡೆ ಹೊತ್ತ ಹುಲ್ಲು ಕಂಡರೆ ಕೆಳಗೆ ನೀರು. ಪಾಚಿ ತೀರಾ ಹೊಳೆಯುವ ಹಸಿರಾಗಿದ್ದರೆ ಅಲ್ಲಿ ಕಾಲಿಡಲೇಬಾರದು. ಶೂ ಬಗ್ಗೆ ಒಂದೇ ಮಾತು: ನೀರು ಒಳಗೆ ಬಾರದಂಥ ಶೂ ತಂದು ಕೆಟ್ಟೆ. ಮೇಲಿನಿಂದ ನುಗ್ಗಿದ ನೀರು ಹೊರಗೂ ಹೋಗಲ್ಲ, ಎರಡು ಕೊಡ ಕಟ್ಟಿಕೊಂಡು ಓಡಿದ ಹಾಗಾಗುತ್ತೆ. ನೀರು ಸೋರಿಹೋಗುವ ತೆಳು ಶೂ, ಅಡಿಯಲ್ಲಿ ಆರು ಮಿಲಿಮೀಟರಿನಷ್ಟು ಹಲ್ಲು, ಉಣ್ಣೆಯ ಕಾಲುಚೀಲ. ಸಾಕು.

ಹೌಂಡ್‌ಕರ್ಕ್ ಮುಗಿಯುವ ಕಡೆ ಎರಡು ದಾರಿ ಇವೆ. ದಣಿದಿದ್ದರೆ ನೇರ ಲಾಂಗ್‌ಶಾ ಎಸ್ಟೇಟಿಗೆ ಇಳಿಯುತ್ತೇನೆ, ಒಟ್ಟು ಹದಿನಾಲ್ಕು-ಹದಿನೈದು ಕಿಲೋಮೀಟರ್ ಆಗುತ್ತೆ. ದಣಿದಿಲ್ಲದಿದ್ದರೆ ಬರ್ಬೇಜ್ ಕಣಿವೆಯ ಹಸಿರು ದಾರಿ ಹಿಡಿದು ಮೇಲಿನ ಸೇತುವೆಯವರೆಗೆ ಹೋಗಿ, ಹಿಗರ್ ಟಾರ್ ಅನ್ನೋ ಬಂಡೆಗುಡ್ಡ ಹತ್ತಿ, ಕಾರ್ಲ್ ವಾರ್ಕ್ ಮೇಲೆ ಹಾಯ್ದು ವಾಪಸ್. ಆಗ ಸುಮಾರು 20. ಹಿಗರ್ ಟಾರ್ 434 ಮೀಟರ್ ಎತ್ತರ, ಚಪ್ಪಟೆ ನೆತ್ತಿ. ಕಾರ್ಲ್ ವಾರ್ಕ್ ಹಳೇ ಕೋಟೆ, ಒಂದು ಕಡೆ ದಪ್ಪ ಕಲ್ಲಿನ ಗೋಡೆ ಇನ್ನೂ ನಿಂತಿದೆ. ಈ ಕಣಿವೆಯಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರು ಗುಂಡು ಹಾರಿಸಿ ಅಭ್ಯಾಸ ಮಾಡಿದ್ದರು. ಬಂಡೆಗಳ ಮೇಲೆ ಆ ಗುಂಡಿನ ತೂತು ಈಗಲೂ ಕಾಣುತ್ತವೆ. ಆದರೆ ನಿಂತರೆ ಮಾತ್ರ. ಇದು ಪೂರ್ತಿ ತಲೆ ತಗ್ಗಿಸುವ ದಾರಿ. ಹಾಗಾಗಿ ಹಿಗರ್ ಟಾರ್ ನೆತ್ತಿಯಲ್ಲಿ ಐದು ನಿಮಿಷ ನಿಲ್ಲೋದು ಅಂತ ಮೊದಲೇ ಗೊತ್ತು ಮಾಡಿಕೊಂಡಿರುತ್ತೇನೆ. ವಾಚನ್ನೂ ನಿಲ್ಲಿಸಲ್ಲ. ನಿಂತದ್ದೂ ಓಟದ ಲೆಕ್ಕಕ್ಕೇ.

ತಿನ್ನೋಕೆ ಊರಿಂದ ಬಂದ ಕಡಲೆಬೀಜದ ಚಿಕ್ಕಿ ಒಯ್ಯುತ್ತಿದ್ದೆ. ಜನವರಿಯ ಚಳಿಗೆ ಅದು ಕಲ್ಲಾಗಿ ಹಲ್ಲಿನ ಚೂರು ಕಿತ್ತುಕೊಂಡಿತು. ಈಗ ಖರ್ಜೂರ.

ಲಾಂಗ್‌ಶಾ ಒಂದು ಕಾಲದಲ್ಲಿ ರಟ್ಲಂಡ್ ಡ್ಯೂಕ್‌ನ ಬೇಟೆ ಜಾಗ. 1920ರ ದಶಕದ ಕೊನೆಗೆ ಅದು ಮಾರಾಟಕ್ಕೆ ಬಂದಾಗ ಎಥೆಲ್ ಹೇಥಾರ್ನ್‌ತ್‌ವೇಟ್ ಅನ್ನೋ ಶೆಫೀಲ್ಡಿನ ಹೆಂಗಸು ಮುಂದೆ ನಿಂತು ಜನರಿಂದ ದುಡ್ಡು ಕೂಡಿಸಿದರು. 1931ರಲ್ಲಿ ಅದು ಇಂಥ ಜಾಗಗಳನ್ನು ಎಲ್ಲರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಯ ಕೈಗೆ ಬಂತು. ಅದರ ಮರು ವರ್ಷ, 1932ರ ಏಪ್ರಿಲ್ 24ರಂದು, ಇದೇ ಪೀಕ್ ಡಿಸ್ಟ್ರಿಕ್ಟಿನ ಕಿಂಡರ್ ಸ್ಕೌಟ್ ಮೂರ್‌ಗೆ ನೂರಾರು ಜನ ಬೇಕೆಂದೇ ಅತಿಕ್ರಮ ಪ್ರವೇಶ ಮಾಡಿದರು, ಕೆಲವರು ಜೈಲಿಗೂ ಹೋದರು. ಮೂರ್ ಮೇಲೆ ನಡೆದಾಡುವ ಹಕ್ಕಿಗೆ ಕಾನೂನು ಬಂದದ್ದು 2000ದಲ್ಲಿ. ದಣಪೆ ಸರಿಸಿ ಒಳಗೆ ಹೋಗುವಾಗ ಯಾರೂ "ಯಾರೋ ಅದು?" ಅನ್ನಲ್ಲ ಅನ್ನೋದರ ಹಿಂದೆ ಇಷ್ಟೆಲ್ಲ ಇದೆ.

ಬೇಸಿಗೆಯಲ್ಲಿ ಇಲ್ಲಿ ಬ್ರಾಕನ್ ಜರಿಗಿಡ ಎದೆಯೆತ್ತರ ಬೆಳೆಯುತ್ತೆ. ಅದರಲ್ಲಿ ಉಣುಗು. ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬ ತಾಲ್ಲೂಕಿನದು. ಮಂಗನ ಕಾಯಿಲೆಯ ಹೆಸರು ಕೇಳುತ್ತಲೇ ಬೆಳೆದವನಿಗೆ ಉಣುಗಿನ ಭಯ ಹೇಳಿಕೊಡಬೇಕಾ? ಇಲ್ಲಿಯ ಉಣುಗು ತರುವುದು ಲೈಮ್ ಕಾಯಿಲೆ. ಮನೆಗೆ ಬಂದು ಮೊಣಕಾಲ ಹಿಂಬದಿ, ತೊಡೆಸಂದು ಎಲ್ಲ ನೋಡಿಕೊಳ್ಳುತ್ತೇನೆ. ಹತ್ತಿದ್ದರೆ ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯುತ್ತೇನೆ. ಆಮೇಲೆ ಕೆಲವು ವಾರ ಆ ಜಾಗದ ಮೇಲೆ ಕಣ್ಣಿಡಬೇಕು. ಕೆಂಪು ಉಂಗುರ ಹರಡಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಇಂಬಳ ಇಲ್ಲ ಅನ್ನೋದೊಂದು ಸಮಾಧಾನ.

ಕೊನೆಯದು ಪ್ಯಾಡ್ಲಿ ಗಾರ್ಜ್. ಬರ್ಬೇಜ್ ಹಳ್ಳ ಇಲ್ಲಿ ಧುಮುಕುತ್ತಾ ಇಳಿಯುತ್ತೆ. ಇಕ್ಕೆಲದಲ್ಲಿ ಓಕ್ ಮತ್ತು ಬರ್ಚ್ ಕಾಡು. ಓಕ್ ಮರಗಳು ಗಂಟುಗಂಟಾಗಿ, ಪಾಚಿ ಹೊದ್ದು ನಿಂತಿರುತ್ತವೆ. ಮೂರ್ ಮೇಲೆ ಎರಡು ಗಂಟೆ ಗಾಳಿ ತಿಂದು ಬಂದವನಿಗೆ ಕಾಡಿನೊಳಗೆ ಕಾಲಿಟ್ಟ ತಕ್ಷಣ ಕಿವಿ ತೆರೆದ ಹಾಗಾಗುತ್ತೆ. ನೀರಿನ ಸದ್ದು, ಹಸಿ ಎಲೆಯ ವಾಸನೆ. ಆಗುಂಬೆ ಅಲ್ಲ, ಆದರೆ ಅದರ ದೂರದ ನೆಂಟ ಅನ್ನಬಹುದು. ಬಿದ್ದ ದಿಮ್ಮಿಗಳಿಗೆ ಜನ ನಾಣ್ಯ ಹೊಡೆದು ಹೊಡೆದು ಮೀನಿನ ಹುರುಪೆಯ ಹಾಗೆ ಮಾಡಿಟ್ಟಿದ್ದಾರೆ. ನಿಲ್ಲುವುದಾದರೆ ನೆಲ ನೋಡಿ ನಿಲ್ಲಬೇಕು. ಈ ಕಡೆ ಕಾಡಿರುವೆಗಳ ದೊಡ್ಡ ಗುಪ್ಪೆಗಳಿವೆ, ಕೆಣಕಿದರೆ ನಮ್ಮ ಚಗಳಿಯ ಹಾಗೇ ಹುಳಿನೀರು ಎರಚುತ್ತವೆ.

ಇಳಿಜಾರು ಅಂತ ಇಲ್ಲಿ ಓಡಬಾರದು. ನಾನು ಓಡಿ ಎರಡು ಸಲ ಬಿದ್ದಿದ್ದೇನೆ. ಮೂರ್‌ನ ಮರಳುಗಲ್ಲು ಒದ್ದೆಯಾದರೂ ಕಾಲು ಹಿಡಿಯುತ್ತೆ. ಕಾಡಿನೊಳಗೆ ಅದೇ ಕಲ್ಲು ಪಾಚಿ ಹಿಡಿದು ಸಾಬೂನಾಗಿರುತ್ತೆ. ಬೇರಂತೂ ಇನ್ನೂ ಕೆಟ್ಟದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಕಾಡು ದಾಟಿರುತ್ತೇನೆ. ಜೂನಿನಲ್ಲಿ ಒಂಬತ್ತೂವರೆಗೂ ಬೆಳಕು, ಆಫೀಸ್ ಮುಗಿಸಿ ಹೊರಟರೂ ಆಗುತ್ತೆ.

ಕಾಡು ಮುಗಿಯುವಲ್ಲೇ ಗ್ರಿಂಡಲ್‌ಫರ್ಡ್ ಸ್ಟೇಷನ್. ಪಕ್ಕದ ಕೆಫೆ ತೆರೆದಿದ್ದರೆ ದೊಡ್ಡ ಲೋಟದಲ್ಲಿ ಚಹ. ರೈಲು ಪ್ಲಾಟ್‌ಫಾರ್ಮ್ ಬಿಟ್ಟ ಕೂಡಲೇ ಟಾಟ್ಲಿ ಸುರಂಗ ಹೊಗುತ್ತೆ. 1893ರಲ್ಲಿ ತೆರೆದದ್ದು, ಸುಮಾರು 5.7 ಕಿಲೋಮೀಟರ್ ಉದ್ದ. ಮೇಲೆ ಮೂರ್, ಅದರ ಹೊಟ್ಟೆಯೊಳಗೆ ನಾನು. ಶೆಫೀಲ್ಡಿಗೆ ಕಾಲು ಗಂಟೆ. ಸೀಟಿಗೆ ಕೆಸರಾಗದಿರಲಿ ಅಂತ ಒಂದು ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂರುತ್ತೇನೆ. ಎದುರಿಗೆ ಕೂತವರು ಒಮ್ಮೆ ಶೂ ನೋಡುತ್ತಾರೆ, ಒಮ್ಮೆ ಮುಖ ನೋಡುತ್ತಾರೆ, ಆಮೇಲೆ ಹವಾಮಾನದ ಮಾತು ತೆಗೆಯುತ್ತಾರೆ.