ಬಿಜ್ಜಳನ ಗರ್ಜನೆ ಇಳಿಸಿದ್ದು

ನಮ್ಮ ಹವ್ಯಾಸಿ ತಂಡಕ್ಕೆ ಗಿರೀಶ ಕಾರ್ನಾಡರ ‘ತಲೆದಂಡ’ ಮಾಡಿಸುವಾಗ ನನ್ನನ್ನು ಜಾಸ್ತಿ ಕಾಡಿದ್ದು ಬಸವಣ್ಣ ಅಲ್ಲ, ಬಿಜ್ಜಳ. ಆ ಪಾತ್ರದವರು ಬ್ಯಾಂಕಿನಿಂದ ನಿವೃತ್ತರಾದವರು. ಕಂಚಿನ ಕಂಠ. ಮೊದಲ ತಾಲೀಮಿಗೇ ದೊಡ್ಡಾಟದ ಕಂಸನಂತೆ ಗರ್ಜಿಸತೊಡಗಿದರು.

ಮೊದಲು ಅವರಿಗೆ ಇತಿಹಾಸ ಹೇಳಿದೆ. ಕಳಚುರಿ ಮನೆತನದ ಬಿಜ್ಜಳ ಕಲ್ಯಾಣದ ಚಾಲುಕ್ಯರ ಸಾಮಂತ. ಮಂಗಳವೇಢೆ ಕಡೆಯವನು. 1162ರ ಹೊತ್ತಿಗೆ ಮೂರನೇ ತೈಲಪನನ್ನು ಬದಿಗೊತ್ತಿ ಕಲ್ಯಾಣವನ್ನೇ ಹಿಡಿದಿದ್ದ. ಒಡೆಯನ ಗದ್ದುಗೆ ಕಸಿದವನಿಗೆ ನಿದ್ದೆ ಎಲ್ಲಿಂದ ಬರಬೇಕು? ನಾಟಕದ ಬಿಜ್ಜಳನಿಗಂತೂ ಇನ್ನೊಂದು ಹುಣ್ಣಿದೆ. ಹಿರೀಕರು ಗೋದಾನ ಮಾಡಿ ಮಾಡಿ ಕ್ಷತ್ರಿಯರು ಅನ್ನಿಸಿಕೊಂಡರೂ, ಊರಿನ ಬಾಯಲ್ಲಿ ಅವನಿನ್ನೂ ಕ್ಷೌರಿಕನೇ. ಜಾತಿ ನೆನೆಯದೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಶರಣರು ಮಾತ್ರ.

ಇದನ್ನು ತೋರಿಸಲು ನಾನೊಂದು ಪೆದ್ದು ಕೆಲಸ ಮಾಡಿದೆ. ಬಿಜ್ಜಳ ಆ ಜಾತಿಯ ಮಾತು ಆಡುವಾಗ ಪಕ್ಕದಲ್ಲಿ ಒಬ್ಬನನ್ನು ಕ್ಷೌರದ ಕತ್ತಿ, ನೀರಿನ ಬಟ್ಟಲು ಕೊಟ್ಟು ಕೂರಿಸಿದೆ. ಲೈಟಿನ ಹುಡುಗರು ಕಿಸಕ್ಕೆಂದರು. ಮರುದಿನವೇ ತೆಗೆದೆ. ಬದಲಿಗೆ ಬಿಜ್ಜಳನನ್ನು ನೆಲಕ್ಕೆ ಕೂರಿಸಿ, ‘ಮನೆಯಲ್ಲಿ ಹೆಂಡತಿ ಹತ್ತಿರ ಕಷ್ಟ ಹೇಳ್ಕೊಳ್ಳೋ ಹಾಗೆ ಹೇಳಿ’ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಅಂದರು: ‘ಸರ್, ನಾನು ಅಟೆಂಡರ್ ಆಗಿ ಸೇರಿದವನು. ಆಫೀಸರ್ ಆದ ಮೇಲೂ ಒಬ್ಬರು ನಾನು ಕೊಟ್ಟ ಟೀ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತಿದ್ದರು, ವರ್ಷವಿಡೀ.’ ನಾಟಕ ಬರೆದದ್ದು 1989ರಲ್ಲಿ, ಮೀಸಲಾತಿಯ ಮಂಡಲ್, ಅಯೋಧ್ಯೆಯ ಮಂದಿರ ಎರಡರ ಕಾವೂ ಏರುತ್ತಿದ್ದಾಗ ಅಂತ ನಾನು ಹೇಳಿದೆ. ‘ಆಗ ನಾನು ಕೌಂಟರಿನಲ್ಲಿದ್ದೆ’ ಅಂದರು. ಗರ್ಜನೆ ಅವತ್ತೇ ನಿಂತಿತು.

ಮದುವೆಯ ಪ್ರಸಂಗಕ್ಕೆ ಬೇರೆ ದಾರಿ ಹಿಡಿದೆ. ಬ್ರಾಹ್ಮಣ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಈ ಮದುವೆಗೇ ಅಲ್ವಾ ಕಲ್ಯಾಣ ಹೊತ್ತಿಕೊಂಡದ್ದು. ಹುಡುಗಿಯ ತಾಯಿಗೆ ಸಿದ್ಧಾಂತದ ಚಿಂತೆಯಿಲ್ಲ. ಗಂಧ, ಕರ್ಪೂರದಲ್ಲಿ ಬೆಳೆದ ಮಗಳು ತೊಗಲಿನ ನಡುವೆ ಹೇಗೆ ಬಾಳುತ್ತಾಳೆ ಅನ್ನೋದೇ ಚಿಂತೆ. ತಾಯಿಯ ಪಾತ್ರದ ಹುಡುಗಿ ಮಾತನ್ನು ಚೆನ್ನಾಗಿಯೇ ಒಪ್ಪಿಸುತ್ತಿದ್ದಳು, ಮುಖದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. ಅಥಣಿಯಲ್ಲಿ ಚಪ್ಪಲಿ ಮಾಡುವ ಗೆಳೆಯರಿಂದ ಹದ ಮಾಡಿದ ಒಂದು ತೊಗಲು ತರಿಸಿ ಅವಳ ತೊಡೆಯ ಮೇಲಿಟ್ಟೆ. ಮೂಗು ಮುಚ್ಚಿಕೊಂಡಳು. ತಕ್ಷಣ ಹರಳಯ್ಯನ ಪಾತ್ರದ ಹುಡುಗನನ್ನು ನೋಡಿ ಕೈ ಕೆಳಗಿಳಿಸಿದಳು. ಆ ಕೈ ಇಳಿದದ್ದನ್ನು ಹಾಗೇ ರಂಗಕ್ಕೆ ತಂದೆವು.

ಪ್ರದರ್ಶನ ಮುಗಿದ ರಾತ್ರಿ ಸಭಾಂಗಣದ ಕಾವಲುಗಾರ ‘ಆ ತೊಗಲು ಹೊರಗಿಡ್ರಿ, ವಾಸನೆ’ ಅಂದ. ಬಿಜ್ಜಳ ಅದನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.