ಆ್ಯಸ್ಬರಿ ಕಾಲದ ಸರ್ಕಿಟ್‌ಗಳನ್ನು ನಕ್ಷೆಗೆ ಇಳಿಸಿದ್ದು: ನನ್ನ ಅನುಭವ

ನಾಲ್ಕು ವರ್ಷದ ಹಿಂದೆ ಶುರು ಮಾಡಿದಾಗ "ಆಗಲ್ಲ ಬಿಡಿ" ಅಂದವರೇ ಎಲ್ಲ. 1773ರಿಂದ 1800ರವರೆಗೆ, ಅಂದ್ರೆ ಅಮೆರಿಕದ ಮೆಥಡಿಸ್ಟರ (ಜಾನ್ ವೆಸ್ಲಿ ಶುರು ಮಾಡಿದ ಕ್ರೈಸ್ತ ಪಂಥ) ಮೊದಲ ಬಿಷಪ್‌ಗಳಲ್ಲಿ ಒಬ್ಬನಾದ ಫ್ರಾನ್ಸಿಸ್ ಆ್ಯಸ್ಬರಿಯ ಕಾಲದಲ್ಲಿ, ಅವರ ಒಂದೊಂದು ಸರ್ಕಿಟ್ (ಒಬ್ಬಿಬ್ಬರು ಪಾದ್ರಿಗಳು ಸುತ್ತಿ ಬರೋ ಊರುಗಳ ಗುಂಪು) ಎಲ್ಲಿತ್ತು, ಯಾವಾಗ ಒಡೆದು ಎರಡಾಯಿತು, ಜನ ನಿಜವಾಗಿ ಎಲ್ಲಿ ಹೆಚ್ಚಿದರು, ಎಲ್ಲಿ ಕಡಿಮೆಯಾದರು ಅಂತ ನಕ್ಷೆ ಮಾಡಬೇಕು ಅನ್ನೋದು ನನ್ನ ಹುಚ್ಚು. ಕಾನ್ಫರೆನ್ಸ್ (ಪಾದ್ರಿಗಳ ವಾರ್ಷಿಕ ಸಭೆ) ನಡಾವಳಿಯಲ್ಲಿ ಸರ್ಕಿಟ್ ಹೆಸರು, ಪಾದ್ರಿಗಳ ಹೆಸರು, ಸದಸ್ಯರ ಲೆಕ್ಕ, ಅಷ್ಟೇ ಇರೋದು. ಗಡಿ ಇಲ್ಲ, ಊರುಗಳ ಪಟ್ಟಿ ಇಲ್ಲ. ಇದರಲ್ಲಿ ಏನು ನಕ್ಷೆ ಮಾಡ್ತೀರಿ ಅಂತ ಒಬ್ಬ ದಾಖಲೆ ಪರಿಣತರು ನಕ್ಕುಬಿಟ್ಟರು. ಹೋದ ತಿಂಗಳು ಅವರೇ ಫೈಲ್ ಕಳಿಸಿ ಅಂತ ಕೇಳಿದರು. ಅದಕ್ಕೇ ಈ ಬರಹ.

ನಡಾವಳಿ ಓದಿ ಗೊತ್ತಿದ್ದವರಿಗೆ ಬರೀತಿದ್ದೀನಿ. ಉಳಿದವರಿಗೆ ಇಷ್ಟು ಸಾಕು: ಕ್ಲಾಸ್ ಅಂದ್ರೆ ಸದಸ್ಯರ ಚಿಕ್ಕ ಗುಂಪು, ಎಲ್ಡರ್ ಅಂದ್ರೆ ಹಲವು ಸರ್ಕಿಟ್ ನೋಡಿಕೊಳ್ಳೋ ಹಿರಿಯ ಪಾದ್ರಿ.

ಮೊದಲ ಪೆಟ್ಟು ದುಡ್ಡಿನದು. ಹಳೇ ಪುಸ್ತಕದ ಅಂಗಡಿಯವರೊಬ್ಬರಿಂದ ನಡಾವಳಿಯ ಸಂಪುಟ ತರಿಸಿದೆ, 90 ಡಾಲರ್ ಚಿಲ್ಲರೆ. ಬಂದ ಮೇಲೆ ನೋಡಿದರೆ ನಡುವೆ ಹದಿನಾರು ಪುಟ ಇಲ್ಲ. ಆ ಕಾಲದ ಪಾದ್ರಿಗೆ ವರ್ಷಕ್ಕೆ 64 ಡಾಲರ್ ಸಂಬಳ, 1800ರಲ್ಲಿ 80 ಆಯಿತು, ಅದೂ ಪೂರ್ತಿ ಕೈಗೆ ಬರ್ತಿರಲಿಲ್ಲ. ಒಬ್ಬ ಪಾದ್ರಿಯ ವರ್ಷದ ಸಂಬಳಕ್ಕಿಂತ ಜಾಸ್ತಿ ಕೊಟ್ಟು ನಾನು ಹರಿದ ಪುಸ್ತಕ ತಗೊಂಡಿದ್ದೆ. ಆಮೇಲೆ ಸ್ಕ್ಯಾನ್ ಹುಡುಕಿ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್) ಹಾಕಿಸಿದೆ, ಇನ್ನೊಂದು 200 ಹೋಯಿತು. ಓಸಿಆರ್‌ಗೆ ಆ ಉದ್ದನೆಯ ಬ್ರಾಕೆಟ್ ಅರ್ಥವೇ ಆಗಲಿಲ್ಲ. ನಾಲ್ಕೈದು ಸರ್ಕಿಟ್ ಸೇರಿಸಿ ಒಬ್ಬ ಎಲ್ಡರ್ ಹೆಸರು ಪಕ್ಕದಲ್ಲಿ ಹಾಕಿರ್ತಾರಲ್ಲ, ಅದು. ಎಲ್ಡರೆಲ್ಲ ಹೋಗಿ ಒಂದೊಂದು ಸರ್ಕಿಟ್ಟಿನಲ್ಲಿ ಪಾದ್ರಿಗಳಾಗಿ ಕೂತರು. ಕೊನೆಗೆ ಕೈಯಲ್ಲೇ ಟೈಪ್ ಮಾಡಿದೆ, ಎರಡು ಸಾವಿರದ ಹತ್ತಿರ ಸಾಲು, ಎರಡು ಚಳಿಗಾಲ.

ಎರಡನೇ ಪೆಟ್ಟು ನನ್ನದೇ ದಡ್ಡತನ. 1786ರಿಂದ ನಡಾವಳಿಯಲ್ಲಿ ಬಿಳಿಯರು, ಕರಿಯರು ಅಂತ ಎರಡು ಕಾಲಂ ಶುರುವಾಗುತ್ತೆ. ನಾನು ಮೊದಲನೇ ಕಾಲಂ ಮಾತ್ರ ಕೂಡಿಸಿದ್ದೆ. ಗ್ರಾಫ್ ಅಲ್ಲಿಗೆ ಬಂದ ತಕ್ಷಣ ಸೊಟ್ಟಗಾಯಿತು, ಏನೋ ದೊಡ್ಡ ಘಟನೆ ಸಿಕ್ಕಿತು ಅಂತ ಮೂರು ವಾರ ಖುಷಿಯಲ್ಲಿದ್ದೆ! 1790ರ 57,600 ಸದಸ್ಯರಲ್ಲಿ ಹನ್ನೊಂದೂವರೆ ಸಾವಿರಕ್ಕಿಂತ ಜಾಸ್ತಿ ಕರಿಯರು. ಐದರಲ್ಲಿ ಒಬ್ಬರನ್ನು ನಾನು ಸುಮ್ನೆ ಬಿಟ್ಟಿದ್ದೆ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಪ್ರಾರ್ಥನೆ ಮಾಡ್ತಿದ್ದ ಕರಿಯರನ್ನೇ ಎಬ್ಬಿಸಿದ್ದಕ್ಕೆ ಕರಿಯ ಬೋಧಕ ರಿಚರ್ಡ್ ಆಲನ್ ತನ್ನವರನ್ನು ಕರೆದುಕೊಂಡು ಹೊರಗೆ ನಡೆದ. ಆ ಕಥೆ ನೂರು ಸಲ ಓದಿದ್ದವನು ನಾನು, ಲೆಕ್ಕದಲ್ಲಿ ಮಾಡಿದ್ದು ಅದನ್ನೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಲ್ಲರೂ ಎಡವೋದು ಎಲ್ಲಿ ಅಂದ್ರೆ, ಒಂದು ಸರ್ಕಿಟ್ಟಿನ ಲೆಕ್ಕ ಈ ವರ್ಷ ಅರ್ಧಕ್ಕೆ ಇಳಿದರೆ ಜನ ಬಿಟ್ಟುಹೋದರು ಅಂದುಕೊಳ್ತಾರೆ. ಬಹಳ ಸಲ ಆಗಿರೋದು ಸರ್ಕಿಟ್ ಒಡೆದಿರೋದು. ನನಗೆ ಇದು ಹೊಳೆದದ್ದು ನಮ್ಮಪ್ಪನಿಂದ. ಅವರು ಬೀದರ್ ಕಡೆ ಮೆಥಡಿಸ್ಟ್ ಪಾದ್ರಿ. ರಿಜಿಸ್ಟರಿನಲ್ಲಿ ಒಂದೇ ಊರಿನ ಹೆಸರು, ಆದರೆ ಅಪ್ಪ ಸೈಕಲ್ ಮೇಲೆ ಹೋಗ್ತಿದ್ದದ್ದು ಇಪ್ಪತ್ತು ಹಳ್ಳಿಗೆ. ಒಂದು ವರ್ಷ ಆ ಇಪ್ಪತ್ತರಲ್ಲಿ ಒಂಬತ್ತನ್ನು ಬೇರೆಯವರಿಗೆ ಕೊಟ್ಟರು. ಕಾಗದದ ಮೇಲೆ ಅಪ್ಪನ ಸಭೆ ಅರ್ಧ ಆಯಿತು, ಹಳ್ಳಿಗಳಲ್ಲಿ ಒಬ್ಬರೂ ಕಡಿಮೆಯಾಗಿರಲಿಲ್ಲ. ಕಾನ್ಫರೆನ್ಸ್ ಹತ್ತಿರ ಬಂದರೆ ಅಮ್ಮ ಟ್ರಂಕು ಕೆಳಗಿಳಿಸೋದು, ಪಟ್ಟಿ ಓದೋವರೆಗೂ ಯಾವ ಊರು ಅಂತ ಗೊತ್ತಿಲ್ಲದೆ ಕೂರೋದು, ಇದೆಲ್ಲ ಆ್ಯಸ್ಬರಿ ಹಾಕಿಕೊಟ್ಟ ದಾರಿಯೇ ಅಲ್ವಾ. ಆತ ಪಟ್ಟಿ ಓದಿ ಮುಗಿಸಿ, ಯಾರಾದರೂ ಗೊಣಗೋ ಮುಂಚೆ ಕುದುರೆ ಹತ್ತಿ ಹೋಗಿಬಿಡ್ತಿದ್ದ ಅಂತ ಹೇಳ್ತಾರೆ.

ಹಾಗಾಗಿ ನಾನು ಒಂಟಿ ಸರ್ಕಿಟ್ ನೋಡೋದು ಬಿಟ್ಟು ಮನೆತನ ಕಟ್ಟಿದೆ. ತಾಯಿ ಸರ್ಕಿಟ್, ಅದರಿಂದ ಒಡೆದ ಮಕ್ಕಳು, ಮೊಮ್ಮಕ್ಕಳು, ಎಲ್ಲ ಸೇರಿಸಿ ಒಂದು ಲೆಕ್ಕ. ಬುಡ ಚಿಕ್ಕದೇ. 1773ರಲ್ಲಿ ಫಿಲಡೆಲ್ಫಿಯಾದ ಮೊದಲ ಕಾನ್ಫರೆನ್ಸಿನಲ್ಲಿ ಇದ್ದದ್ದು ನ್ಯೂಯಾರ್ಕ್ 180, ಫಿಲಡೆಲ್ಫಿಯಾ 180, ನ್ಯೂಜೆರ್ಸಿ 200, ಮೇರಿಲ್ಯಾಂಡ್ 500, ವರ್ಜೀನಿಯಾ 100, ಒಟ್ಟು 1,160, ಹತ್ತು ಜನ ಬೋಧಕರು. ಮೇರಿಲ್ಯಾಂಡ್ ಯಾಕೆ ಅಷ್ಟು ಮುಂದೆ ಅಂದ್ರೆ ರಾಬರ್ಟ್ ಸ್ಟ್ರಾಬ್ರಿಜ್, ವೆಸ್ಲಿ ಯಾರನ್ನೂ ಕಳಿಸೋ ಮುಂಚೆಯೇ ಅಲ್ಲಿ ಹೊಲದ ಜನರ ನಡುವೆ ಕೆಲಸ ಶುರು ಮಾಡಿದ್ದ. ಯಾವ ಮಗು ಯಾವ ತಾಯಿಯದು ಅಂತ ಗೊತ್ತುಮಾಡೋಕೆ ನನ್ನದೊಂದು ಉಪಾಯ ಇದೆ, ಪೂರ್ತಿ ಹೇಳಲ್ಲ, ನಾಲ್ಕು ವರ್ಷ ಕಷ್ಟಪಟ್ಟಿದ್ದೀನಿ. ಅರ್ಧ ಸುಳಿವು: ಆ ವರ್ಷ ಸತ್ತ ಪಾದ್ರಿಗಳ ಬಗ್ಗೆ ಬರೆದ ಪುಟ ಹಾರಿಸಬೇಡಿ.

ನಕ್ಷೆಯಲ್ಲಿ ಸುತ್ತು ಎಷ್ಟು ದೊಡ್ಡದು ಅನ್ನೋದಕ್ಕೆ ಇನ್ನೊಂದು ಸಲ ಕೆಟ್ಟೆ. ನಾಲ್ಕು ವಾರದ ಸುತ್ತು ಅಂತಿದ್ದರೆ ದಿನಕ್ಕೆ 40 ಮೈಲಿ ಹಿಡಿದೆ, ಆ್ಯಸ್ಬರಿ ದಿನಚರಿ ನೋಡಿ. ಡೆಲವೇರ್‌ನ ಸರ್ಕಿಟ್‌ಗಳೆಲ್ಲ ಊದಿಕೊಂಡು ಚೆಸಪೀಕ್ ಕೊಲ್ಲಿಯ ನೀರಿಗೆ ಬಿದ್ದವು. ಆ್ಯಸ್ಬರಿ ಊರಿಂದೂರಿಗೆ ದಾಟಿ ಹೋಗೋನು, ಸರ್ಕಿಟ್ ಪಾದ್ರಿ ದಿನಾ ನಿಂತು ಬೋಧಿಸಿ, ಕ್ಲಾಸ್ ಕೂರಿಸಿ, ಆಮೇಲೆ ಮುಂದಿನ ಮನೆಗೆ ಹೋಗೋನು. ಅನುಮಾನ ತೀರಲಿ ಅಂತ ನಾನೇ ಡೋವರ್‌ನಿಂದ ಸೈಕಲ್ ಹತ್ತಿದೆ. ಬ್ಯಾರಟ್ಸ್ ಚಾಪೆಲ್‌ನಲ್ಲಿ ಒಂದೂವರೆ ಗಂಟೆ ಕೂತೆ (1784ರ ನವೆಂಬರಿನಲ್ಲಿ ವೆಸ್ಲಿ ಕಳಿಸಿದ ಥಾಮಸ್ ಕೋಕ್ ಮತ್ತು ಆ್ಯಸ್ಬರಿ ಮೊದಲು ಭೇಟಿಯಾದದ್ದು ಇಲ್ಲೇ), ಇನ್ನೊಂದು ಕಡೆ ಅಷ್ಟೇ ಹೊತ್ತು ಕೂತೆ. ಸಂಜೆಗೆ 25 ಮೈಲಿ ದಾಟಲಿಲ್ಲ, ಅದೂ ಟಾರ್ ರಸ್ತೆಯಲ್ಲಿ. ಮೊಣಕಾಲು ಹದಿನೈದು ದಿನ ನೋಯಿತು. ದಿನಕ್ಕೆ 15 ಮೈಲಿಗೆ ಇಳಿಸಿದೆ, ಸರ್ಕಿಟ್‌ಗಳು ನೀರಿಂದ ಎದ್ದು ನೆಲಕ್ಕೆ ಬಂದವು.

ವಿಧಾನ ಸರಿ ಅಂತ ನನಗೆ ಖಾತ್ರಿಯಾದದ್ದು 1790ರ ದಶಕದಲ್ಲಿ. 1793ರಲ್ಲಿ 67,000 ದಾಟಿದ್ದ ಒಟ್ಟು ಲೆಕ್ಕ 1796ಕ್ಕೆ 57,000ಕ್ಕಿಂತ ಕೆಳಗೆ ಬಂತು. ಮನೆತನ ಕೂಡಿಸಿದ ಮೇಲೆ ಎಷ್ಟೋ ಕಡೆ ಇಳಿತ ಮಾಯವಾಯಿತು, ಆದರೆ ವರ್ಜೀನಿಯಾದ ದಕ್ಷಿಣದಲ್ಲಿ ಮಾತ್ರ ಹಾಗೇ ಉಳಿಯಿತು. 1792ರ ಜನರಲ್ ಕಾನ್ಫರೆನ್ಸಿನಲ್ಲಿ, ಬಿಷಪ್ ಹಾಕಿದ ಜಾಗ ಒಪ್ಪದಿದ್ದರೆ ಪಾದ್ರಿಗೆ ಅಪೀಲು ಬೇಕು ಅಂತ ಪಟ್ಟು ಹಿಡಿದು, ಸೋತು, ಹೊರನಡೆದ ಜೇಮ್ಸ್ ಓಕೆಲಿಯ ಸೀಮೆ ಅದೇ. ನಾನು ಅವನ ಹೆಸರನ್ನು ಫೈಲಿನಲ್ಲಿ ಎಲ್ಲೂ ಹಾಕಿರಲಿಲ್ಲ, ಲೆಕ್ಕ ತಾನಾಗೇ ಹೋಗಿ ಅವನ ಬಾಗಿಲು ತಟ್ಟಿತು. ಆವತ್ತು ರಾತ್ರಿ ಎರಡು ಗಂಟೆಗೆ ಬೀದರಿಗೆ ಫೋನ್ ಮಾಡಿದೆ. ಅಪ್ಪ ಎಲ್ಲ ಕೇಳಿ, "ಅಪೀಲು ಕೇಳಿದನಾ? ಪಾಪ, ಅವನನ್ನೂ ಯಾವುದೋ ನೀರಿಲ್ಲದ ಊರಿಗೆ ಹಾಕಿರಬೇಕು" ಅಂದರು.

ಒಟ್ಟು ಖರ್ಚು 1,100 ಡಾಲರ್ ಹತ್ತಿರ, ಸೈಕಲ್ ರಿಪೇರಿ ಬಿಟ್ಟು. ಕೆಂಟಕಿ ಇನ್ನೂ ಕೈಗೆ ಸಿಕ್ಕಿಲ್ಲ. 1786ರಲ್ಲಿ ಜೇಮ್ಸ್ ಹಾ ಮತ್ತು ಬೆಂಜಮಿನ್ ಆಗ್ಡನ್ ಇಬ್ಬರನ್ನು ಇಡೀ ಕೆಂಟಕಿಗೆ ಹಾಕಿದರು, ಅಲ್ಲಿ ದಿನಕ್ಕೆ 15 ಮೈಲಿ ಲೆಕ್ಕ ನಡೆಯಲ್ಲ. ಆ ಕಡೆ ಕುದುರೆ ಓಡಿಸಿ ಅನುಭವ ಇರೋರು ಯಾರಾದರೂ ಇದ್ದರೆ ಹೇಳಿ, ನಾನು ಹತ್ತಲ್ಲ.