12 ವರ್ಷ ಹಳೆಯ ಕಡತ ಮತ್ತು ಒಂದು ಕಿರುಬೆರಳು

2007ರಲ್ಲಿ ಆ ದೂರು ಬರೆದುಕೊಂಡವನು ನಾನೇ. ಆಗ ಹಾವೇರಿ ಜಿಲ್ಲೆಯ ಒಂದು ಠಾಣೆಯಲ್ಲಿ ರೈಟರ್ ಆಗಿದ್ದೆ. ರಾಣೆಬೆನ್ನೂರು ಕಡೆಯ ಹಳ್ಳಿಯೊಂದರ 31 ವರ್ಷದ ರೈತ, ಗೋವಿನಜೋಳದ ರಾಶಿ ಮುಗಿಸಿ, ದೀಪಾವಳಿ ಕಳೆದ ಮೇಲೆ ಮನೆ ಬಿಟ್ಟವನು ತಿರುಗಿ ಬರಲಿಲ್ಲ. ‘ಮನುಷ್ಯ ಕಾಣೆ’ ಎಂದು ಪ್ರಕರಣ ದಾಖಲಾಯಿತು. ಎಲ್ಲ ಠಾಣೆಗಳಿಗೆ ವೈರ್‌ಲೆಸ್ ಹೋಯಿತು, ಪೇಪರಿನಲ್ಲಿ ಫೋಟೊ ಬಂತು. ನಮ್ಮ ಸೀಮೆಯ ಹುಡುಗರು ದುಡಿಯಲು ಹೋಗುವುದು ಗೋವಾಕ್ಕೆ, ಹಾಗಾಗಿ ಒಂದು ತಂಡ ಮಡಗಾಂವ್, ವಾಸ್ಕೊ ತಿರುಗಿ ಬಂತು. ಆಮೇಲೆ ಕಡತ ರ‍್ಯಾಕ್ ಸೇರಿತು.

2019ರಲ್ಲಿ ನಾನು ಎಎಸ್‌ಐ ಆಗಿ ಅದೇ ಠಾಣೆಗೆ ಮರಳಿದ್ದೆ. ಒಂದು ದಿನ ಆತನ ಹೆಂಡತಿ ಬಂದರು. ಹೊಲ ಇನ್ನೂ ಗಂಡನ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ ಇಲ್ಲದೆ ಪೌತಿ ಖಾತೆ, ಅಂದರೆ ಸತ್ತವರ ಹೊಲ ವಾರಸುದಾರರ ಹೆಸರಿಗೆ ಬರುವುದು, ಆಗುವುದಿಲ್ಲ, ವಿಧವಾ ವೇತನವೂ ಇಲ್ಲ. 7 ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಂತೆ ಭಾವಿಸಬಹುದೆಂಬ ಸಾಕ್ಷ್ಯ ಕಾಯ್ದೆಯ 108ನೇ ಕಲಮನ್ನು (ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ ಅದು 111) ವಕೀಲರು ಹೇಳಿದ್ದರು. ನ್ಯಾಯಾಲಯಕ್ಕೆ ಕೊಡಲು ಎಫ್‌ಐಆರ್ ನಕಲು ಬೇಕಿತ್ತು. ನಕಲು ತೆಗೆಯಲು ಕಡತ ಬಿಚ್ಚಿದಾಗ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು: ‘ಕೋಲುಮುಖ, ಎಣ್ಣೆಗಪ್ಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾನೆ.’

ಇದನ್ನು ಓದಿ ಯಾರನ್ನು ಗುರುತಿಸಲು ಸಾಧ್ಯ? ಹಾವೇರಿ ಸಂತೆಯಲ್ಲಿ ನಿಂತರೆ ಈ ಚಹರೆಯವರು ಒಂದು ಗಂಟೆಯಲ್ಲಿ ನೂರು ಜನ ಸಿಗುತ್ತಾರೆ. ಚಹರೆ ಪಟ್ಟಿ ಬರೆಯುವ ಈ ಮಾತುಗಳು ನಮಗೆ ಬಾಯಿಪಾಠ. ಎದುರಿಗೆ ಅಳುತ್ತಾ ಕೂತವರು ಏನು ಹೇಳುತ್ತಿದ್ದಾರೆಂದು ಕೇಳುವ ಮೊದಲೇ ಕೈ ಬರೆದು ಮುಗಿಸಿರುತ್ತದೆ. ಅವತ್ತು ನಾನು ಮಾಡಿದ್ದೂ ಅದನ್ನೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೇಲಧಿಕಾರಿಗಳ ಅನುಮತಿ ಪಡೆದು ಮೊದಲು ಹೋದದ್ದು ಅವರ ಮನೆಗೆ. ಸಮವಸ್ತ್ರ ಹಾಕಿರಲಿಲ್ಲ, ನೋಟ್‌ಬುಕ್ಕನ್ನೂ ಹೊರಗೆ ತೆಗೆಯಲಿಲ್ಲ. ತಾಯಿಗೆ ಆಗ ಎಪ್ಪತ್ತರ ಮೇಲೆ. ‘ಅವನು ಕಾಣೆಯಾದ ದಿನ’ ಎಂದು ಶುರುಮಾಡಿದರೆ ಅವರಿಗೆ ನೂರು ಸಲ ಹೇಳಿ ಸವೆದ ಕಥೆಯೇ ನೆನಪಾಗುತ್ತದೆ. ಅದಕ್ಕೆ ಅವನ ಬಾಲ್ಯದ ಬಗ್ಗೆ ಕೇಳಿದೆ. ಎರಡನೇ ದಿನ, ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಅಜ್ಜಿ ಹೇಳಿದರು: “ಸಣ್ಣವಿದ್ದಾಗ ಗಾಣದಾಗ ಕಬ್ಬು ಕೊಡಾಕ ಹೋಗಿ ಕಿರುಬಳ್ಳಿನ ತುದಿ ಹೋತ್ರಿ. ಎಡಗೈದು. ನೋಡಿದವ್ರು ನಗತಾರಂತ ಯಾವಾಗ್ಲೂ ಮುಷ್ಟಿ ಹಿಡಿದ ಇರ್ತಿದ್ದ.” 12 ವರ್ಷದ ಕಡತದಲ್ಲಿ ಈ ಬೆರಳಿನ ಮಾತೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವರಿಗೂ ಅದು ಹೇಳುವಂಥದ್ದು ಎನಿಸಿರಲಿಲ್ಲ.

ಹೆಂಡತಿಯಿಂದ ಇನ್ನೊಂದು ಸಂಗತಿ ತಿಳಿಯಿತು. ಹೊರಡುವ ಹಿಂದಿನ ವಾರ ಅವನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ ಕೆಲಸ ಸಿಗುತ್ತದಂತೆ ಎಂದಿದ್ದನಂತೆ. ಗೋವಾ ಎಂದು ತೀರ್ಮಾನಿಸಿದ್ದವರು ನಾವು. ತಿಪಟೂರು ಇರುವುದು ಅದರ ತದ್ವಿರುದ್ಧ ದಿಕ್ಕಿನಲ್ಲಿ: ದಾವಣಗೆರೆ, ಬೀರೂರು, ಅರಸೀಕೆರೆ ದಾಟಬೇಕು.

ಹಳೆಯ ಕಾಣೆ ಪ್ರಕರಣ ಕೈಗೆತ್ತಿಕೊಂಡವರು ಕಾಣೆಯಾದವನ ಕಡತವನ್ನೇ ತಿರುವುತ್ತಾ ಕೂರಬಾರದು. ಸಿಕ್ಕೂ ಹೆಸರಿಲ್ಲದವರ ಕಡತ ಓದಬೇಕು. ಅಪರಿಚಿತ ಶವ ಸಿಕ್ಕರೆ ಆಗ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ರ ಅಡಿ ಅಸಹಜ ಸಾವು, ನಮ್ಮ ಮಾತಿನಲ್ಲಿ ಯುಡಿಆರ್, ದಾಖಲಾಗುತ್ತಿತ್ತು. ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 194. ಹಳಿಯ ಮೇಲೆ ಸಿಕ್ಕರೆ ರೈಲ್ವೆ ಪೊಲೀಸರಲ್ಲಿ, ಹಳಿಯಿಂದ ದೂರ ಸಿಕ್ಕರೆ ಊರ ಠಾಣೆಯಲ್ಲಿ. ಠಾಣೆಗಳ ದಾಖಲೆ ಕಂಪ್ಯೂಟರಿನಲ್ಲಿ ಬೆಸೆಯುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದೇ 2009ರಲ್ಲಿ. ಅದಕ್ಕೆ ಹಿಂದಿನದು ಬೇಕೆಂದರೆ ರಿಜಿಸ್ಟರ್ ಇರುವಲ್ಲಿಗೇ ಹೋಗಬೇಕು. ರಜೆ ಹಾಕಿ ಹೋದೆ. ಆ ರೈಲು ಮಾರ್ಗದ ಠಾಣೆಗಳಲ್ಲಿ, ಅವನು ಮನೆ ಬಿಟ್ಟ ದಿನದಿಂದ ಎರಡು ತಿಂಗಳಿನ ಯುಡಿಆರ್‌ಗಳನ್ನು ಒಂದೊಂದಾಗಿ ಓದಿದೆ. ವಯಸ್ಸು, ಬಣ್ಣ ನೋಡಿ ಯಾವುದನ್ನೂ ಪಕ್ಕಕ್ಕಿಡಲಿಲ್ಲ. ಶವದ ಬಣ್ಣ ಬದಲಾಗುತ್ತದೆ, ವಯಸ್ಸು ಬರೆಯುವವರ ಅಂದಾಜು.

ನಾಲ್ಕನೇ ಠಾಣೆಯಲ್ಲಿ ಸಿಕ್ಕಿತು. ‘ಅಪರಿಚಿತ ಗಂಡಸು, ಸುಮಾರು 40 ವರ್ಷ, ಗೋಧಿ ಮೈಬಣ್ಣ, ದುಂಡು ಮುಖ.’ ನಾನು ಬರೆದಿದ್ದಕ್ಕೂ ಇದಕ್ಕೂ ಒಂದು ಪದವೂ ತಾಳೆಯಾಗುವುದಿಲ್ಲ. ಅವನು ಮನೆ ಬಿಟ್ಟ ನಾಲ್ಕನೇ ದಿನ ಹಳಿಯ ಪಕ್ಕ ಸಿಕ್ಕವನು. ಮರಣೋತ್ತರ ಪರೀಕ್ಷೆಯ ವರದಿಯ ಎರಡನೇ ಹಾಳೆಯಲ್ಲಿ ವೈದ್ಯರು ಬರೆದಿದ್ದರು: ಎಡಗೈ ಕಿರುಬೆರಳಿನ ತುದಿಯ ಗೆಣ್ಣು ಇಲ್ಲ, ಹಳೆಯ ಗಾಯ. ಕಡತಕ್ಕೆ ಅಂಟಿಸಿದ್ದ ಫೋಟೊಗಳಲ್ಲಿ ಅಂಗಿಯ ಕಾಲರಿನದೂ ಒಂದಿತ್ತು. ದರ್ಜಿಯ ಪಟ್ಟಿ ತೊಳೆದು ತೊಳೆದು ಮಾಸಿ ‘ನ್ನೂರು’ ಎಂಬಷ್ಟೇ ಉಳಿದಿತ್ತು. ಅಷ್ಟರಿಂದ ಯಾವ ಊರೆಂದು ಹುಡುಕುವುದು? ಆ ಠಾಣೆಯವರನ್ನು ನಾನು ದೂರಲಾರೆ. ನಾನು ಬೆರಳಿನ ವಿಷಯ ವೈರ್‌ಲೆಸ್‌ನಲ್ಲಿ ಹಾಕಿದ್ದರೆ ಅದೇ ವಾರ ತಾಳೆಯಾಗುತ್ತಿತ್ತು.

ಡಿಎನ್‌ಎ ಮಾಡಿಸುವ ಆಸೆ ಇತ್ತು. ತಾಯಿ ಬದುಕಿರುವಾಗಲೇ ರಕ್ತದ ಮಾದರಿ ತೆಗೆದಿಡುವುದು ಇಂಥ ಪ್ರಕರಣಗಳಲ್ಲಿ ಬಹಳ ಮುಖ್ಯ. ಆದರೆ ಹೂಳಿದ ಜಾಗದಲ್ಲಿ ಗುರುತಿನ ಕಲ್ಲೂ ಉಳಿದಿರಲಿಲ್ಲ, ಅದರ ಮೇಲೆ ಮತ್ತೆಷ್ಟೋ ಜನರನ್ನು ಹೂತಿದ್ದರು. ಬೆರಳು, ಅಂಗಿ, ಮುಖದ ಫೋಟೊ, ದಿನಾಂಕ ಇಷ್ಟನ್ನೇ ಇಟ್ಟು ಮನೆಯವರಿಂದ ಗುರುತು ಪಡೆದು ವರದಿ ಸಲ್ಲಿಸಿದೆ.

ಮುಖದ ಫೋಟೊವನ್ನು ಮೊದಲು ಅವನ ತಮ್ಮನಿಗೆ ಮಾತ್ರ ತೋರಿಸಿದೆ. ಹೆಂಡತಿಗೆ ಅಂಗಿಯದು ಸಾಕಾಯಿತು. “ನಾನ ಹೊಲಿಸಿದ್ದು” ಎಂದವರು ಒಳಗೆ ಹೋದರು. 12 ವರ್ಷ ಅವರು ಕುಂಕುಮ ತೆಗೆದಿರಲಿಲ್ಲ. ಅಜ್ಜಿ ಕೈಯ ಫೋಟೊ ಕೇಳಿ ಇಸಿದುಕೊಂಡು, ಆ ಮೊಂಡು ಬೆರಳಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ಅವತ್ತು ಯಾವ ತಿಥಿ?

ದಿನ ಗೊತ್ತಿಲ್ಲದೆ ಹೋದವರಿಗೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಬದುಕಿದ್ದರೆ ಎಂಬ ಆಸೆಗೆ ಈ ಮನೆಯಲ್ಲಿ ಅದನ್ನೂ ಇಟ್ಟಿರಲಿಲ್ಲ. ಮೊಬೈಲಿನಲ್ಲಿ 2007ರ ಪಂಚಾಂಗ ತೆಗೆದು ನೋಡಿದೆ. ಕಾರ್ತಿಕ ಶುದ್ಧ ದಶಮಿ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಜ್ಜಿಯ ಕೈಗೆ ಕೊಟ್ಟೆ.